ಗೇಟಿನ ಪಕ್ಕದ ಜಾಲಿ ತುಂಡು

ನಮ್ಮ ಮನೆಯ ಗೇಟಿನ ಪಕ್ಕದ ಗೋಡೆಗೆ ಒಂದು ಕಟ್ಟಿಗೆಯ ತುಂಡು ತೂಗುಹಾಕಿದ್ದೇವೆ. ಜಾಲಿ ಮರದ ಬೊಡ್ಡೆಯನ್ನು ಅಡ್ಡಕ್ಕೆ ಕೊಯ್ದು ತೆಗೆದ ದುಂಡನೆಯ ಬಿಲ್ಲೆ. ಹಿಟ್ಟು ನಾದುವ ದೊಡ್ಡ ಪರಾತದಷ್ಟು ಅಗಲ, ನಾಲ್ಕು ಬೆರಳು ದಪ್ಪ. ಇಂಡಿ ಪಟ್ಟಣದ ಈ ಓಣಿಯಲ್ಲಿ ಉಳಿದವರ ಗೇಟಿನ ಪಕ್ಕ ಗ್ರಾನೈಟಿನ ಮೇಲೆ ಬಂಗಾರದ ಬಣ್ಣದಲ್ಲಿ ಹೆಸರುಗಳಿವೆ, ಡಿಗ್ರಿಗಳಿವೆ. ನಮ್ಮದರ ಮೇಲೆ ಒಂದಕ್ಷರವೂ ಇಲ್ಲ. ಪಾರ್ಸೆಲ್ ತಂದವರೊಬ್ಬರು ಅದನ್ನು ಹಳೆಯ ಡ್ರಮ್ಮಿನ ಮುಚ್ಚಳ ಅಂದುಕೊಂಡರು. ನನ್ನ ಜೊತೆ ಕೆಲಸ ಮಾಡಿದ ಒಬ್ಬ ಮೇಡಂ ದನಿ ತಗ್ಗಿಸಿ, "ವಾಸ್ತು ದೋಷಕ್ಕ ಹಾಕೀರೇನ್ರಿ?" ಎಂದು ಕೇಳಿದರು. ನಮ್ಮ ಮನೆಯವರಂತೂ ಬಂದವರಿಗೆಲ್ಲ, "ನಮ್ಮಾಕಿ ಲಗ್ನ ಆದ ಹೊಸದಾಗಿ ಬಡದ ಮದಲನೇ ರೊಟ್ಟಿರಿ ಅದು. ಹಲ್ಲಿಗಿ ಬಗ್ಗಲಿಲ್ಲ, ನೆನಪಿಗಿರಲಿ ಅಂತ ಗ್ವಾಡಿಗಿ ಹಾಕೇವಿ" ಎನ್ನುತ್ತಾರೆ.

ಮೊದಲಾದರೆ ನನಗೆ ಸಿಟ್ಟು ಬರುತ್ತಿತ್ತು. ಈಗ ಯಾರಾದರೂ ಕೇಳಲಿ ಎಂದೇ ಕಾಯುತ್ತಿರುತ್ತೇನೆ. ಕೇಳದವರಿಗೂ ಹೇಳುತ್ತೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳಿಗೆ ಎದುರಿಗಿದ್ದವರು ಆಕಳಿಸಿದರೂ ಪಾಠ ಮುಗಿಸುವುದು ರೂಢಿ. ನೀವೂ ಕೇಳಲಿಲ್ಲ ನೋಡಿ, ಆದರೂ ಶುರುಮಾಡಿಬಿಟ್ಟಿದ್ದೇನೆ.

ಅದು ನಮ್ಮ ಅಜ್ಜನ ಅಂಗಡಿಯ ಬೋರ್ಡು. ನಮ್ಮದು ಬಡಿಗೇರ ಮನೆತನ. ಹಲಸಂಗಿಯ ಆಚೆ, ಎತ್ತಿನ ಗಾಡಿಯಲ್ಲಾದರೆ ಅರ್ಧ ದಿನ ಹಿಡಿಯುವ ದಾರಿಯಲ್ಲಿ ನಮ್ಮೂರು. ಅಲ್ಲಿ ಹಳ್ಳದ ದಂಡೆಗೆ ಇದ್ದ ಒಂದು ಮುದಿ ಜಾಲಿಯನ್ನು ಕಡಿದು ಅಜ್ಜ ಗಾಡಿಯ ಗಾಲಿಗಳಿಗೆ ನಡುವಿನ ಗುಂಬ ಮಾಡಿದನಂತೆ. ಉಳಿದ ತುದಿಯಿಂದ ಒಂದು ಬಿಲ್ಲೆ ಕೊಯ್ದು ಛಪ್ಪರದ ಮುಂದೆ ತೂಗಬಿಟ್ಟ. ಅಜ್ಜನಿಗೆ ಓದು ಬರಹ ಬರುತ್ತಿರಲಿಲ್ಲ, ಬರುವ ಗಿರಾಕಿಗಳಿಗೂ ಬರುತ್ತಿರಲಿಲ್ಲ. ಬಿಲ್ಲೆ ಕಂಡರೆ ಬಡಿಗೇರ ಮನೆ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಅಜ್ಜನ ನಂತರ ಅಪ್ಪ ಅದರ ಕೆಳಗೇ ಕೂತು ಕೂರಿಗೆ, ಕುಂಟೆ, ಬಾಗಿಲು, ತೊಟ್ಟಿಲು ಮಾಡಿದ.

ನಾನು ಎಣಿಸುವುದನ್ನು ಕಲಿತದ್ದು ಆ ಬಿಲ್ಲೆಯ ಮೇಲೆ. ಮರಕ್ಕೆ ವರ್ಷಕ್ಕೊಂದು ಸುತ್ತು ಬೆಳೆಯುತ್ತದೆ ಎಂದು ಯಾರೋ ಹೇಳಿದ್ದರು. ಕಟ್ಟೆಯ ಮೇಲೆ ನಿಂತು ಬೆರಳಿಟ್ಟು ಎಣಿಸುತ್ತಿದ್ದೆ. ಒಂದು ದಿನ ಅರವತ್ತೆರಡು ಬಂದರೆ ಮರುದಿನ ನಲವತ್ತೊಂಬತ್ತು. ಜಾಲಿಯ ಸುತ್ತುಗಳು ಒಂದರೊಳಗೊಂದು ಕಲೆತಿರುತ್ತವೆ, ಸರಿಯಾಗಿ ಕಾಣುವುದಿಲ್ಲ. ಅಪ್ಪನನ್ನು ಕೇಳಿದರೆ, "ಮರಕ್ಕ ವಯಸ್ಸು ಕೇಳಿ ಏನ ಮಾಡ್ತಿ, ಅದಕೇನ ಹೆಣ್ಣು ನೋಡೂದೈತೇನ?" ಎಂದು ನಗುತ್ತಿದ್ದ. ಗಣಿತದ ಮೇಲೆ ನನಗೆ ಮೊದಲ ಅನುಮಾನ ಬಂದದ್ದು ಆಗಲೇ. ಅದನ್ನು ನಾನು ಯಾವ ವಿದ್ಯಾರ್ಥಿಗೂ ಹೇಳಿಲ್ಲ.

ನಾವು ಮೂವರೂ ಹೆಣ್ಣುಮಕ್ಕಳು. ನಾನು ದೊಡ್ಡವಳು. ದೊಡ್ಡ ಗರಗಸಕ್ಕೆ ಎರಡೂ ಕಡೆ ಹಿಡಿಕೆ ಇರುತ್ತದೆ, ಇಬ್ಬರು ಬೇಕು. ಆಳು ಬರದ ದಿನ ಅಪ್ಪ, "ಶಾರೀ, ಬಾ ಇಲ್ಲಿ" ಎನ್ನುತ್ತಿದ್ದ. ಗರಗಸದ ಗುಟ್ಟು ನಿಮಗೆ ಗೊತ್ತಿದೆಯೋ ಇಲ್ಲವೋ: ನಿಮ್ಮ ಸರದಿಗೆ ನಿಮ್ಮ ಕಡೆ ಎಳೆದುಕೊಳ್ಳಬೇಕು, ಅವರ ಸರದಿಗೆ ಸುಮ್ಮನೆ ಬಿಡಬೇಕು. ದೂಡಿದರೆ ಅಲಗು ಬಳುಕುತ್ತದೆ. ನಾನು ಮೊದಮೊದಲು ದೂಡುತ್ತಿದ್ದೆ. "ನಿನ್ನ ಅವಸರ ನಿನ್ನ ಕಡೆ ಇಟ್ಕೋ" ಎಂದು ಅಪ್ಪ ಗದರುತ್ತಿದ್ದ. ಹತ್ತು ವರ್ಷದವಳಿದ್ದಾಗಲೇ ನಾನು ಅಪ್ಪನ ಜೊತೆ ಬೇವಿನ ಹಲಗೆ ಕೊಯ್ದಿದ್ದೇನೆ. ರಾತ್ರಿ ಉಣ್ಣುವಾಗ ತೋಳು ನಡುಗಿ ಸಾರು ಚೆಲ್ಲುತ್ತಿತ್ತು, ಅವ್ವ ಬೈಯುತ್ತಿದ್ದಳು, ನನಗೆ ಮಾತ್ರ ಒಳಗೊಳಗೇ ಖುಷಿ.

ಆದರೆ ಉಳಿ ಮುಟ್ಟುವ ಹಾಗಿರಲಿಲ್ಲ. ಗರಗಸ ಎಳೆಯಬಹುದು, ಕಟ್ಟಿಗೆ ಹಿಡಿದುಕೊಂಡು ಕೂಡಬಹುದು, ಚಕ್ಕೆ ಆಯ್ದು ಒಲೆಗೆ ಒಯ್ಯಬಹುದು. ಉಳಿ ಮಾತ್ರ ಗಂಡಸರದು, ಅಮಾವಾಸ್ಯೆಯ ದಿನ ಅವರೂ ಅದನ್ನು ಮುಟ್ಟುತ್ತಿರಲಿಲ್ಲ. ಉಳಿ ಇಟ್ಟ ಪೆಟ್ಟಿಗೆಯನ್ನು ದಾಟಿದರೂ ಬೈಗುಳ ಬೀಳುತ್ತಿತ್ತು. ನಮ್ಮ ಬಡಿಗೇರ ಮನೆಗಳಲ್ಲಿ ಎಲ್ಲ ಕಡೆ ಹೀಗೇ ಇತ್ತು, ಯಾರೂ ಏಕೆ ಎಂದು ಕೇಳುತ್ತಿರಲಿಲ್ಲ, ನಾನೂ ಕೇಳಲಿಲ್ಲ. ಸಾಲೆಯಲ್ಲಿ ಜಾಣಳಿದ್ದೆ, ಸಿಂದಗಿಗೆ ಹೋಗಿ ಓದಿದೆ, ಅಕ್ಕೋರಾದೆ, ಅಂದರೆ ಟೀಚರ್. ಉಳಿಯ ಬದಲು ಸುಣ್ಣದ ಕಡ್ಡಿ ಹಿಡಿದೆ. ಅದೂ ಪುಡಿ ಉದುರಿಸುವ ಕೆಲಸವೇ.

ಕೂರಿಗೆಗಳು ಕಬ್ಬಿಣದವಾದವು, ಗಾಡಿಗಳಿಗೆ ಟೈರು ಬಂದವು. ಛಪ್ಪರ ಮುಚ್ಚಿತು. ಅವ್ವ ಹೋದಮೇಲೆ ಅಪ್ಪ ನಮ್ಮಲ್ಲಿಗೆ ಬಂದ. ಬರುವಾಗ ತಂದದ್ದು ಎರಡು ಧೋತರ, ಉಳಿಗಳ ಪೆಟ್ಟಿಗೆ ಮತ್ತು ಈ ತುಂಡು. ಪೆಟ್ಟಿಗೆ ಅವನ ಮಂಚದ ಕೆಳಗೆ ಹೋಯಿತು, ತುಂಡು ಗೇಟಿನ ಪಕ್ಕದ ಗೋಡೆಗೆ. ಪಡುವಣ ಮುಖದ ಗೋಡೆ. ನಮ್ಮ ಕಡೆಯ ಬಿಸಿಲು ಎಂಥದೆಂದು ಬೇರೆ ಹೇಳಬೇಕೆ, ಮಧ್ಯಾಹ್ನ ಮೂರಕ್ಕೆ ಆ ಗೋಡೆಗೆ ಬೆನ್ನು ತಾಗಿಸಿದರೆ ಚುರ್ ಎನ್ನುತ್ತದೆ. ಅಪ್ಪನಿಗೆ ಆಗಲೇ ಕಣ್ಣು ಮಂಜಾಗಿತ್ತು. ಎಲ್ಲಿ ಹಾಕಿದೆವೆಂದು ಅವನು ಸರಿಯಾಗಿ ನೋಡಲಿಲ್ಲ, ನಾವೂ ಯೋಚಿಸಲಿಲ್ಲ.

ಈಗ ನನ್ನ ತಪ್ಪೊಪ್ಪಿಗೆ. ಮಂಗಳವಾರ, ಶುಕ್ರವಾರ ನಾನು ಹೊಸ್ತಿಲು ತೊಳೆದು ಅರಿಷಿಣ ಕುಂಕುಮ ಹಚ್ಚುತ್ತೇನೆ. ಹೊಸ್ತಿಲಿಗೆ ಮಾಡಿ ಅಜ್ಜನ ತುಂಡಿಗೆ ಮಾಡದಿದ್ದರೆ ಹೇಗೆ? ಅದಕ್ಕೂ ಒಂದು ತಂಬಿಗೆ ನೀರು, ಒಂದು ಬೊಟ್ಟು ಅರಿಷಿಣ. ಹನ್ನೆರಡು ವರ್ಷ, ವಾರಕ್ಕೆರಡು ಸಲ, ತಪ್ಪದೆ. ಬೆಳಿಗ್ಗೆ ನೀರು ಕುಡಿಸಿ ಮಧ್ಯಾಹ್ನ ಬಿಸಿಲಲ್ಲಿ ಸುಟ್ಟೆ. ಉಬ್ಬಿತು, ಕುಗ್ಗಿತು, ಉಬ್ಬಿತು, ಕುಗ್ಗಿತು. ಕೆಂಪಗೆ ಹೊಳೆಯುತ್ತಿದ್ದ ಜಾಲಿ ಬೂದಿಯ ಬಣ್ಣಕ್ಕೆ ತಿರುಗಿತು, ಅಂಚಿನಿಂದ ನಡುವಿನವರೆಗೆ ಒಂದು ಬಿರುಕು ಬಿಟ್ಟಿತು, ಆ ಬಿರುಕಿನಲ್ಲಿ ಹಲ್ಲಿ ಸಂಸಾರ ಹೂಡಿತು. ನಾನು ಬಿಸಿಲನ್ನು ಬೈಯುತ್ತಾ ತಂಬಿಗೆ ಎತ್ತುತ್ತಲೇ ಇದ್ದೆ.

ಬಿರುಕು ಕಣ್ಣಿಗೆ ಹೊಡೆಯುವಷ್ಟಾದಾಗ ಅಪ್ಪನಿಗೆ ತಿಳಿಯದ ಹಾಗೆ ರಿಪೇರಿಗೆ ಇಳಿದೆ. ಮೊದಲು ಶೇಂಗಾ ಎಣ್ಣೆ ತಿಕ್ಕಿದೆ. ತಲೆಗೆ, ಬಾಗಿಲಿಗೆ, ಕೀಲಿಗೆ, ಎಲ್ಲಕ್ಕೂ ನಮ್ಮಲ್ಲಿ ಎಣ್ಣೆಯೇ ಔಷಧ. ಎರಡು ದಿನದಲ್ಲಿ ಎರೆಮಣ್ಣಿನ ಧೂಳೆಲ್ಲ ಬಂದು ಅದಕ್ಕೆ ಮೆತ್ತಿತು, ಇರುವೆ ಸಾಲುಗಟ್ಟಿದವು. ಮೂರನೆಯ ದಿನ ಪಕ್ಕದ ಮನೆಯ ಗಂಗವ್ವನ ಆಡು ಗೋಡೆಗೆ ಮುಂಗಾಲು ಕೊಟ್ಟು ನಿಂತು ಅಜ್ಜನ ಬೋರ್ಡನ್ನು ನೆಕ್ಕುತ್ತಿತ್ತು. "ಅಕ್ಕೋರ, ಇದರ ಮ್ಯಾಲ ಏನ ಒಗ್ಗರಣಿ ಹಾಕೀರಿ, ನಮ್ಮ ಆಡು ಮೇವು ಬಿಟ್ಟು ಇಲ್ಲೇ ಬರಾಕತ್ತೈತಿ" ಎಂದಳು ಗಂಗವ್ವ.

ಆಮೇಲೆ ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಯಾವುದೋ ತಂಪು ದೇಶದ ಒಬ್ಬಾತ ಇಂಥದೇ ಬಿಲ್ಲೆಯ ಬಿರುಕಿಗೆ ಪುಟ್ಟಿ ತುಂಬಿ, ಮೇಲೆ ವಾರ್ನಿಷ್ ಬಳಿದು, ಕನ್ನಡಿಯಂತೆ ಹೊಳೆಯಿಸಿ ಎತ್ತಿ ತೋರಿಸಿದ. ನಾನೂ ಪುಟ್ಟಿ ತಂದೆ, ವಾರ್ನಿಷ್ ತಂದೆ, ಮೂರು ಕೋಟು ಬಳಿದೆ. ಹೊಳೆಯಿತು. ನಮ್ಮ ಮನೆಯವರೂ ರೊಟ್ಟಿಯ ಮಾತು ನಿಲ್ಲಿಸಿ, "ಏ, ಭಾರಿ ಆಗೈತಲ್ಲ" ಅಂದರು. ಅದು ಮಾರ್ಚ್. ಮೇ ತಿಂಗಳಲ್ಲಿ ವಾರ್ನಿಷ್ ಹಪ್ಪಳದಂತೆ ಗುಳ್ಳೆ ಎದ್ದು ಸುಲಿಯತೊಡಗಿತು. ಪುಟ್ಟಿ ಒಂದು ಮಧ್ಯಾಹ್ನ ಟಪ್ಪೆಂದು ಸಿಡಿದು ಕೆಳಗೆ ಬಿತ್ತು. ಬಿರುಕು ಮೊದಲಿಗಿಂತ ಅಗಲವಾಗಿತ್ತು.

ಅಪ್ಪ ಆ ಸದ್ದು ಕೇಳಿ ಕಟ್ಟೆಯಿಂದ ಎದ್ದು ಬಂದ. ಅಷ್ಟೊತ್ತಿಗೆ ಅವನಿಗೆ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಗೋಡೆ ತಡವಿ, ತುಂಡು ಹುಡುಕಿ, ಅದರ ಮುಖದ ಮೇಲೆ ಕೈಯಾಡಿಸಿದ. ಸುಲಿದ ವಾರ್ನಿಷ್ ಅವನ ಉಗುರಿಗೆ ಸಿಕ್ಕಿತು. ಬೆರಳು ಬಿರುಕಿನೊಳಗೆ ಎರಡು ಗೆಣ್ಣಿನವರೆಗೆ ಹೋಯಿತು.

"ಇದರ ಆಯುಷ್ಯ ಮುಗೀತು ಬಿಡು. ನೀರ ಒಲಿಗಿ ಹಾಕು" ಎಂದ.

"ನಾ ಸರಿ ಮಾಡ್ತೇನಿ ಅಪ್ಪಾ."

"ನಿನ್ನ ಕಡಿಂದ ಆಗೂದಿಲ್ಲ. ಇದು ಪಾಟಿ ಮ್ಯಾಲ ಬರದಂಗಲ್ಲ. ನೀ ಉಳಿ ಹಿಡದಾಕಿ ಅಲ್ಲ."

ಆ ಮಾತಿಗೆ ನನ್ನ ಬಾಯಿಂದ ಬಂದದ್ದು ಐವತ್ತು ವರ್ಷದಿಂದ ಒಳಗೆ ಇದ್ದ ಮಾತಿರಬೇಕು. "ನೀ ಯಾವಾಗ ಕೊಟ್ಟಿದ್ದಿ ನನಗ ಹಿಡಿಯಾಕ? ಗರಗಸ ಎಳಿಯಾಕ ನಾ ಬೇಕಾಗಿದ್ದೆ, ಉಳಿಗಿ ಬ್ಯಾಡಾಗಿದ್ನೇನು?"

ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಅರವತ್ತು ದಾಟಿದವಳು ಎಂಬತ್ತು ದಾಟಿದವನ ಎದುರು ಹೀಗೆ ಬೀದಿಯಲ್ಲಿ ನಿಂತು ಕೇಳಬಾರದಿತ್ತು. ಅಪ್ಪ ಗೋಡೆ ತಡವುತ್ತ ಒಳಗೆ ಹೋದ. ಸಂಜೆಯ ಊಟಕ್ಕೆ ಒಂದೇ ರೊಟ್ಟಿ ಸಾಕೆಂದ. ನನಗಂತೂ ಅಳು ಬಂತು. ತುಂಡಿಗಾಗಿ ಅತ್ತೆನೋ ನನಗಾಗಿ ಅತ್ತೆನೋ ಬಿಡಿಸಿ ಹೇಳಲಾರೆ. ಅದು ಒಲೆಗೆ ಹೋದರೆ ಅಜ್ಜನ ಅಂಗಡಿ ಹೋದಂತೆ, ಮತ್ತು ನನ್ನ ಕೈಗೆ ಏನೂ ಬರುವುದಿಲ್ಲ ಎಂದು ಅಪ್ಪ ತೀರ್ಮಾನ ಕೊಟ್ಟಂತೆ. ಎರಡನ್ನೂ ನಾನು ತಾಳಲಾರೆನಾಗಿದ್ದೆ.

ಮರುದಿನ ಬೆಳಿಗ್ಗೆ ಚಹಾ ಒಯ್ದಾಗ ಅಪ್ಪ ಮಂಚದ ಮೇಲೆ ಕೂತಿದ್ದ. ಉಳಿಗಳ ಪೆಟ್ಟಿಗೆ ಮಂಚದ ಕೆಳಗಿನಿಂದ ಹೊರಗೆ ಬಂದು ಕೋಣೆಯ ನಡುವೆ ಇತ್ತು. ಅದನ್ನು ಕಾಲಿನಿಂದ ದೂಡಿದನೋ ಕೈಯಿಂದ ಎಳೆದನೋ ತಿಳಿಯದು. "ಆ ತುಂಡು ಇಳಿಸಿ ತಾ. ಮದಲ ಆ ಬಣ್ಣಾ ಕೆರಿ" ಎಂದ.

ಅಲ್ಲಿಂದ ಮುಂದೆ ಎರಡೂವರೆ ತಿಂಗಳು ನಾನು ವಿದ್ಯಾರ್ಥಿನಿ. ನನ್ನ ಕೈಕೆಳಗೆ ಕಲಿತವರು ಯಾರಾದರೂ ನೋಡಿದ್ದರೆ ಹೊಟ್ಟೆ ತುಂಬ ನಗುತ್ತಿದ್ದರು. ವಾರ್ನಿಷ್ ಕೆರೆಯಲು ಒಡೆದ ಗಾಜಿನ ಚೂರು ಕೊಡಿಸಿದ. ಉಜ್ಜುವ ಕಾಗದಕ್ಕಿಂತ ಅದು ಎಷ್ಟು ನಯವಾಗಿ ಕೆರೆಯುತ್ತದೆ ಎಂದರೆ ನಾನು ಬೆರಗಾದೆ, ಬೆರಗಿನಲ್ಲಿ ಹೆಬ್ಬೆರಳು ಕೊಯ್ದುಕೊಂಡೆ. ಬೂದಿ ಬಣ್ಣದ ಪದರು ಹೋಗಿ ಒಳಗಿನ ಕೆಂಪು ಕಂಡಾಗ ಓಡಿ ಹೋಗಿ ಅಪ್ಪನಿಗೆ ಹೇಳಿದೆ. "ಜಾಲಿ ಅಷ್ಟ ಲಗೂ ಸಾಯೂದಿಲ್ಲ" ಎಂದ, ಒಲೆಗೆ ಹಾಕು ಎಂದಿದ್ದವನು ತಾನಲ್ಲವೇ ಅಲ್ಲ ಎನ್ನುವ ಹಾಗೆ.

ನಂತರ ಅದನ್ನು ಜೋಳದ ಹೊಟ್ಟಿನಲ್ಲಿ ಹುಗಿಯಬೇಕೆಂದ. ಒಳಗೆ ಉಳಿದ ತೇವ ಬಿಸಿಲಿಗೆ ಒಮ್ಮೆಲೇ ಹೊರಟರೆ ಬಿರುಕು ಹೆಚ್ಚುತ್ತದೆ, ಹೊಟ್ಟಿನಲ್ಲಾದರೆ ನಿಧಾನ ಹೋಗುತ್ತದೆ. ಇಂಡಿಯ ಹೊಸ ಬಡಾವಣೆಯಲ್ಲಿ ಜೋಳದ ಹೊಟ್ಟು ಎಲ್ಲಿಂದ ತರುವುದು? ಗಂಗವ್ವನ ತಮ್ಮ ಭೀಮಣ್ಣ ಮೋರಟಗಿಯಲ್ಲಿ ಒಕ್ಕಲುತನ ಮಾಡುತ್ತಾನೆ. ಆಡಿನ ಪಾಪಕ್ಕೆ ಪ್ರಾಯಶ್ಚಿತ್ತವೆಂದು ಗಂಗವ್ವ ಅವನಿಂದ ಎರಡು ಚೀಲ ತರಿಸಿಕೊಟ್ಟಳು. ಚೀಲ ಇಳಿಸಿದ ಭೀಮಣ್ಣ, "ಎಮ್ಮಿ ಕಟ್ಟೀರೇನ್ರಿ ಅಕ್ಕೋರ?" ಎಂದು ಅಂಗಳವನ್ನೆಲ್ಲ ನೋಡಿದ. ನಿಂಬೆ ಗಿಡದ ನೆರಳಲ್ಲಿ ಹೊಟ್ಟಿನ ಗುಡ್ಡೆ, ಅದರೊಳಗೆ ಅಜ್ಜನ ಬೋರ್ಡು, ಇಪ್ಪತ್ತೊಂದು ದಿನ.

ಅಷ್ಟು ದಿನ ನಾನು ಸುಮ್ಮನಿರಲಿಲ್ಲ. ಉಳಿ ಮಸೆಯುತ್ತಿದ್ದೆ. ಅಪ್ಪ ಒಂದೇ ಉಳಿಯನ್ನು ನಾಲ್ಕು ದಿನ ಮಸೆಸಿದ. ಮಸೆದು ಕೊಟ್ಟರೆ ಅಲಗನ್ನು ಹೆಬ್ಬೆರಳಿಗೆ ಮುಟ್ಟಿಸಿ, "ಇದರ್ಲೆ ಬೆಣ್ಣಿ ಹಚ್ಚಬಹುದು" ಎಂದು ವಾಪಸ್ ಕೊಡುತ್ತಿದ್ದ. ಐದನೆಯ ದಿನ ತನ್ನ ತೋಳಿನ ಕೂದಲ ಮೇಲೆ ಆಡಿಸಿ ನೋಡಿ ಪಕ್ಕಕ್ಕಿಟ್ಟ. ಬೈಯಲಿಲ್ಲವಾದ್ದರಿಂದ ಪಾಸಾದೆ ಎಂದುಕೊಂಡೆ. ಉಳಿ ಹಿಡಿಯುವಾಗ ಅವನು ನನ್ನ ಬೆರಳುಗಳ ಮೇಲೆ ತನ್ನ ಬೆರಳಿಟ್ಟು, ಒಂದೊಂದನ್ನೇ ಸರಿಸಿ ಕೂಡಿಸಿದ. ಅವನ ಅಂಗೈ ಇನ್ನೂ ಒರಟು.

ಬಿರುಕನ್ನು ತುಂಬಬಾರದು ಎನ್ನುವುದು ಅಪ್ಪನ ಮೊದಲ ಪಾಠ. "ದುಂಡಗ ಕೊಯ್ದದ್ದು ಒಡೀಲೇಬೇಕು. ಅದರ ದಾರಿ ಅದು ನೋಡ್ಕೊಂಡೈತಿ. ಇನ್ನ ಮುಂದ ಹೋಗದಂಗ ಹಿಡಿಬೇಕಷ್ಟ." ಇದು ಪರಿಧಿಯ ಲೆಕ್ಕ ಎಂದು ನನಗೆ ಹೊಳೆಯಿತು. ಒಣಗುವಾಗ ನಡುವಿನಿಂದ ಅಂಚಿಗಿರುವ ಅಳತೆಗಿಂತ ಸುತ್ತಳತೆ ಹೆಚ್ಚು ಕುಗ್ಗುತ್ತದೆ, ಸುತ್ತು ಸಾಲದೆ ಬಂದಾಗ ಒಂದು ಕಡೆ ಬಾಯಿಬಿಡಲೇಬೇಕು. ಉತ್ಸಾಹದಿಂದ ಅಪ್ಪನಿಗೆ ವಿವರಿಸಿದೆ. ಎಲ್ಲ ಕೇಳಿ, "ನಾನೂ ಅದನ್ನ ಹೇಳಿದ್ನಲ್ಲ" ಎಂದ.

ಹಿಡಿಯುವುದಕ್ಕೆ ಡಮರುವಿನ ಆಕಾರದ ಬೆಣೆ ಬೇಕು. ಎರಡು ತುದಿ ಅಗಲ, ನಡು ಸಣ್ಣ. ಬಿರುಕಿನ ಎರಡೂ ದಡದಲ್ಲಿ ಅದೇ ಆಕಾರದ ಗುಳಿ ಕೆತ್ತಿ ಬೆಣೆ ಕೂರಿಸಿದರೆ ಎರಡು ಕಡೆಯೂ ಒಂದನ್ನೊಂದು ಬಿಡುವುದಿಲ್ಲ. ಹಳೆಯ ಕೂರಿಗೆಯ ಮುರಿದ ಕಾಲೊಂದು ಪೆಟ್ಟಿಗೆಯಲ್ಲಿತ್ತು, ಅದೂ ಜಾಲಿ. ಕಲ್ಲಿನಂಥ ಕಟ್ಟಿಗೆ. ಮೊದಲ ಬೆಣೆ ಸಡಿಲಾಯಿತು. ಎರಡನೆಯದು ಕೆತ್ತುವಾಗ ಸೀಳಿತು. ಮೂರನೆಯದನ್ನು ಮರದ ಕೊಡತಿಯಿಂದ ಬಡಿಯುತ್ತಿದ್ದೆ. ಅಪ್ಪ ತಲೆ ಓರೆ ಮಾಡಿ ಕೇಳುತ್ತಿದ್ದ. ಟಕ್, ಟಕ್, ಟಕ್. ಸದ್ದು ಒಮ್ಮೆಲೇ ದಪ್ಪವಾಯಿತು. "ನಿಲ್ಲಸು. ಕೂತೈತಿ" ಎಂದ. ನೋಡಿದರೆ ನಿಜವಾಗಿ ಕೂತಿತ್ತು, ಕೂದಲು ತೂರದಷ್ಟು ಬಿಗಿಯಾಗಿ. ಅಂಥ ಬೆಣೆ ಮೂರು ಹಾಕಿದೆ. ಬೋರ್ಡಿನ ಪರೀಕ್ಷೆಯಲ್ಲಿ ನನ್ನ ತರಗತಿಗೆ ನೂರಕ್ಕೆ ನೂರು ಬಂದಾಗಲೂ ಇಷ್ಟು ಹಿಗ್ಗಿರಲಿಲ್ಲ, ಸತ್ಯವಾಗಿ ಹೇಳುತ್ತೇನೆ.

ಎಣ್ಣೆ ಹಚ್ಚುವ ಮಾತು ಬಂದಾಗ ನಾನು ತಲೆ ತಗ್ಗಿಸಿದೆ. ಆಡಿನ ಕಥೆ ಅಪ್ಪನ ಕಿವಿಗೂ ಬಿದ್ದಿತ್ತು. "ಶೇಂಗಾ ಎಣ್ಣಿ ಎಂದೂ ಒಣಗೂದಿಲ್ಲ. ಅಗಸಿ ಎಣ್ಣಿ ತರ್ಸು" ಎಂದ. ನಾವು ಹಿಂಡಿ, ಅಂದರೆ ಚಟ್ನಿಪುಡಿ, ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುವ ಅದೇ ಅಗಸಿ. ಗಾಣದಿಂದ ಎಣ್ಣೆ ತರಿಸಿ, ಬೆಚ್ಚಗೆ ಮಾಡಿ, ಅರಿವೆಯಿಂದ ತೆಳ್ಳಗೆ ತಿಕ್ಕಿ, ಕುಡಿಯದೆ ಉಳಿದದ್ದನ್ನು ಒರೆಸಿ ತೆಗೆದು, ನಾಲ್ಕು ದಿನ ಒಣಗಿಸಿ, ಮತ್ತೆ ತಿಕ್ಕಬೇಕು. ಹೀಗೆ ಏಳು ಸಲ. ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಎಸೆಯುವಂತಿಲ್ಲ, ತಾನೇ ಕಾವು ಏರಿ ಹೊತ್ತಿಕೊಳ್ಳುತ್ತದೆಯಂತೆ. ಹಗ್ಗಕ್ಕೆ ಹರವಬೇಕು. ನಮ್ಮ ಮನೆಯವರ ಹಳೆಯ ಬನಿಯನ್ನುಗಳೆಲ್ಲ ಅಗಸಿಯ ವಾಸನೆ ಹೊಡೆಯುತ್ತ ಹಗ್ಗದ ಮೇಲೆ ನೇತಾಡಿದವು. ಅವುಗಳಲ್ಲಿ ಒಂದು ಹೊಸದೂ ಇತ್ತೆಂದು ಅವರು ಇವತ್ತಿಗೂ ಹೇಳುತ್ತಾರೆ.

ಮರಳಿ ಹಾಕುವಾಗ ಜಾಗ ಬದಲಿಸಿದೆವು. ಈಗ ಅದು ಗೇಟಿನ ಇನ್ನೊಂದು ಪಕ್ಕ, ಒಳಕ್ಕೆ ತಿರುಗಿದ ಬಡಗಣ ಮುಖದ ಗೋಡೆಯ ಮೇಲಿದೆ. ತಲೆಯ ಮೇಲೆ ಒಂದು ಮೊಳದ ತಗಡಿನ ಸೂರು. ಗೋಡೆಗೆ ಅಂಟದಂತೆ ಹಿಂದೆ ಎರಡು ಗೂಟ, ಗಾಳಿಯಾಡಲು ಎರಡು ಬೆರಳು ಸಂದು. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಅಗಸಿ ಎಣ್ಣೆ. ತಂಬಿಗೆ ಅತ್ತ ಸುಳಿಯಕೂಡದು. ಅಜ್ಜನಿಗೆ ಬೇಜಾರಾಗದಿರಲೆಂದು ಕೆಳಗಿನ ಕಟ್ಟೆಗೆ ಒಂದು ಬೊಟ್ಟು ಅರಿಷಿಣ ಇಡುತ್ತೇನೆ, ಅಷ್ಟೇ.

ಕೆಂಪು ಕಪ್ಪು ಬೆರೆತ ಆ ಬಣ್ಣ ನೀವು ನೋಡಬೇಕು. ಬೆಳಗಿನ ಹೊತ್ತು ಸುತ್ತುಗಳೆಲ್ಲ ಎದ್ದು ಕಾಣುತ್ತವೆ. ಬಿರುಕು ಇದೆ, ಇದ್ದಲ್ಲೇ ಇದೆ, ಮೂರು ಬೆಣೆ ಅದನ್ನು ಹಿಡಿದು ನಿಂತಿವೆ. ನನಗೆ ಜಂಬ ಬಂದಿದೆ, ಮುಚ್ಚಿಡುವುದಿಲ್ಲ. ಫೋಟೋ ತೆಗೆದು ಮುದ್ದೇಬಿಹಾಳದ ತಂಗಿಗೂ ಬಾಗೇವಾಡಿಯ ತಂಗಿಗೂ ಕಳಿಸಿದೆ. ಇಬ್ಬರೂ ಅಪ್ಪ ಏನಂದ ಎಂದು ಕೇಳಿದರು.

ಅಪ್ಪ ಏನೂ ಅಂದಿರಲಿಲ್ಲ. ಹಾಕಿದ ದಿನ ಬಂದು ಅಂಚಿನಿಂದ ಅಂಚಿಗೆ ಕೈಯಾಡಿಸಿದ. ಹೆಬ್ಬೆರಳು ಒಂದೊಂದು ಬೆಣೆಯ ಮೇಲೂ ನಿಂತಿತು. "ನಡುವಿನ ಬೆಣಿ ಒಂದ ಕೂದಲ ಮ್ಯಾಲ ಐತಿ" ಎಂದು ಹೇಳಿ ಕಟ್ಟೆಗೆ ಹೋಗಿ ಕೂತ. ಒಂದು ಮಾತು, ಬರೀ ಒಂದು ಒಳ್ಳೆಯ ಮಾತು ಸಿಕ್ಕಿದ್ದರೆ ಎಂದು ನನಗೆ ಬಹಳ ಅನಿಸಿತು. ತಂಗಿಯರಿಗೆ ಅಪ್ಪ ಖುಷಿಯಾಗಿದ್ದಾನೆ ಎಂದು ಸುಳ್ಳು ಬರೆದೆ.

ಹದಿನೈದು ದಿನದ ನಂತರ ಒಂದು ಸಂಜೆ ಮೋರಟಗಿಯ ಭೀಮಣ್ಣ ಮತ್ತೆ ಬಂದ. ಈ ಸಲ ತಲೆಯ ಮೇಲೆ ಹೊಟ್ಟಿನ ಚೀಲ ಇರಲಿಲ್ಲ, ತೊಟ್ಟಿಲಿತ್ತು. ಮಗಳ ಬಾಣಂತನ ಹತ್ತಿರ ಬಂದಿದೆ, ಅವರ ಮನೆಯ ಹಳೆಯ ತೊಟ್ಟಿಲಿನ ಒಂದು ಕಾಲಿನ ಕೀಲು ಬಿಚ್ಚಿದೆ. ಕಟ್ಟೆಯ ಮೇಲೆ ಕೂತಿದ್ದ ಅಪ್ಪನ ಮುಂದೆ ಅದನ್ನಿಳಿಸಿ, "ನೀವು ದೊಡ್ಡ ಬಡಿಗ್ಯಾರಂತ ನಮ್ಮ ಅಕ್ಕ ಹೇಳಿದಳ್ರಿ. ಇದೊಂದ ನೋಡ್ತೀರೇನ್ರಿ?" ಎಂದ. ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ಕಿಟಕಿಯಿಂದ ಎಲ್ಲ ಕೇಳುತ್ತಿತ್ತು.

"ನನಗ ಕಣ್ಣ ಕಾಣೂದಿಲ್ಲಪಾ" ಎಂದ ಅಪ್ಪ. "ಮಗಳಿಗಿ ತೋರಸು."

"ಅಕ್ಕೋರಿಗೇನ್ರಿ? ಅವರು ಲೆಕ್ಕಾ ಕಲಸೋರು."

"ಲೆಕ್ಕಾ ಕಲಸೂದು ಬಿಟ್ಟು ಎರಡ ವರ್ಷಾತು. ಈಗ ಈ ಮನ್ಯಾಗ ಬಡಿಗತನ ಮಾಡಾಕಿ ಆಕಿನ. ಗ್ವಾಡಿ ಮ್ಯಾಲ ಐತಲ್ಲ, ಅದು ನಮ್ಮಪ್ಪ ಕೊಯ್ದದ್ದು, ನಾ ಒಲಿಗಿ ಹಾಕು ಅಂದದ್ದು, ಆಕಿ ಉಳಿಸಿದ್ದು. ನನ್ನ ಮಗಳ ಕೈ ಚಲೋ ಐತಿ."

ನಾನು ಹಿಟ್ಟಿನ ಕೈ ತೊಳೆದು, ಕಣ್ಣೂ ತೊಳೆದು, ಹೊರಗೆ ಬಂದು ತೊಟ್ಟಿಲು ಇಸಿದುಕೊಂಡೆ. ಕೀಲಿನಲ್ಲಿ ಬೆರಳಾಡಿಸಿದೆ. ಹೊಸ ಬೆಣೆ ಬೇಕಿತ್ತು, ಕಾಲು ಗಟ್ಟಿಯಿತ್ತು. ಅಪ್ಪ ಅತ್ತ ಮುಖ ಮಾಡಿ ಕೂತಿದ್ದ, ಏನೂ ಆಡಿಲ್ಲ ಎನ್ನುವ ಹಾಗೆ.

"ನಾಳೀಗಿ ಆಗ್ತೈತೇನ್ರಿ ಅಕ್ಕೋರ?" ಎಂದು ಭೀಮಣ್ಣ ಕೇಳಿದ.

"ನಾಳಿಗಿ ಆಗೂದಿಲ್ಲಪಾ" ಎಂದೆ. "ನಾಳಿ ಅಮಾಸಿ. ಅಮಾಸಿ ದಿನ ನಾವು ಬಡಿಗ್ಯಾರು ಉಳಿ ಮುಟ್ಟೂದಿಲ್ಲ. ನಾಡದ ಬಾ."